ಸಾನ್ ಫ್ರಾನ್ಸಿಸ್ಕೋವಿನಿಂದ ಬೆಂಗಳೂರಿಗೆ ಆಕಾಶಮಾರ್ಗ

2021ನೆಯ ಇಸವಿ ಜನವರಿ 9ನೆಯ ತಾರೀಖು ಶನಿವಾರ ರಾತ್ರಿ ಎಂಟೂವರೆ ಘಂಟೆಯ ಸುಮಾರಿಗೆ ಸಾನ್ ಫ್ರಾನ್ಸಿಸ್ಕೋ ನಗರವನ್ನು ಬಿಟ್ಟ ಏರ್ ಇಂಡಿಯಾ ವಿಮಾನವೊಂದು, ನಡುವೆ ಎಲ್ಲಿಯೂ ಇಳಿಯದೆ, ಸೋಮವಾರ ನಸುಕಿನಲ್ಲಿ ಬೆಂಗಳೂರನ್ನು ಸೇರಿತು. ಅದನ್ನು ನಡೆಸಿದವರು ಜೋಯಾ ಅಗರ್ವಾಲರೂ ಅವರ ಸಂಗಡದ ಮೂವರು ಸ್ತ್ರೀಯರೂ. ಮಗಳ ಬರವನ್ನು ಕಾಯುವ ತಾಯಿಯೊಬ್ಬಳು ಶನಿವಾರದ ರಾತ್ರಿಯಿಂದ ಸೋಮವಾರದ ನಸುಕಿನವರೆಗೆ ಬೆರಳು ಮಡಿಸಿ ಎಣಿಸಿದರೆ 30 ಘಂಟೆ ಮೀರುತ್ತದೆ. ಅಷ್ಟು ಹೊತ್ತು ಮಗು ಆಕಾಶದಲ್ಲಿಯೇ ಇದ್ದೀತೆ ಎಂದು ಆಕೆಯ ಎದೆ ಅಳುಕಿದರೆ ಆಶ್ಚರ್ಯವಿಲ್ಲ. ದಿಟವಾಗಿ ಪ್ರಯಾಣವು ಸುಮಾರು 17 ಘಂಟೆಗಳದು. ಚಳಿಗಾಲದಲ್ಲಿ ಅಲ್ಲಿಯ ಗಡಿಯಾರವು ನಮ್ಮದಕ್ಕಿಂತ ಹದಿಮೂರೂವರೆ ಘಂಟೆ ಹಿಂದಿರುತ್ತದೆ. ವಿಮಾನವು ಅಲ್ಲಿ ಮೇಲೇರಿದಾಗ ನಮ್ಮಲ್ಲಿ ಭಾನುವಾರ ಬೆಳಗಿನ ಹತ್ತು ಘಂಟೆ. ತಾಯಿ ಎಣಿಕೆಯನ್ನು ತೊಡಗಬೇಕಾದುದು ಅಲ್ಲಿಂದ.

ಇನ್ನು ದಾರಿಯ ಮಾತು. ಗೋಡೆಯ ಭೂಪಟವನ್ನು ನಂಬಿದರೆ ಈ ಎರಡು ನಗರಗಳ ನಡುವೆ ಪೆಸಿಫಿಕ್ ಮಹಾಸಾಗರವನ್ನು ಅಡ್ಡಲಾಗಿ ದಾಟಬೇಕೆಂದು ತೋರುತ್ತದೆ. ಶ್ರೋತೃಗಳು ದಯಮಾಡಿ ಮಕ್ಕಳ ಭೂಗೋಳವನ್ನು ತೆಗೆದುಕೊಂಡು ಎರಡು ಊರುಗಳ ನಡುವೆ ನೂಲೊಂದನ್ನು ಬಿಗಿಯಾಗಿ ಹಿಡಿದು ನೋಡಬೇಕು. ನೂಲು ಸಾಗರದ ನಡುವೆ ನಿಲ್ಲದೆ ಉತ್ತರಕ್ಕೆ ಜಾರಿ, ಚೀನಾ, ಸೈಬೀರಿಯಾ, ಅಲಾಸ್ಕಾಗಳ ಮೇಲೆ ಹಾಯುತ್ತದೆ. ಅದರ ಉದ್ದವೇ ಸುಮಾರು 14,000 ಕಿಲೋಮೀಟರು. ಕಾರಣ ಸುಲಭ: ಎರಡು ಊರುಗಳೂ ಭೂಮಿಯ ಹೆಚ್ಚುಕಡಮೆ ಎದುರುಬದುರು ಮಗ್ಗುಲುಗಳಲ್ಲಿವೆ. ಉತ್ತರ ಧ್ರುವದಿಂದ ಬೆಂಗಳೂರು 77 ಅಂಶ ದೂರ, ಸಾನ್ ಫ್ರಾನ್ಸಿಸ್ಕೋ 52 ಅಂಶ. ಅಂಶವೊಂದಕ್ಕೆ 111 ಕಿಲೋಮೀಟರಿನಂತೆ ಗುಣಿಸಿದರೆ, ಧ್ರುವದ ನೆತ್ತಿಯನ್ನೇ ಮುಟ್ಟಿ ಬಂದರೂ 14,300ರಷ್ಟೇ ಆಗುತ್ತದೆ. ಆ ಮೊದಲ ವಿಮಾನವು ಧ್ರುವದ ಮೇಲೆ ಹಾದುಬಂದುದು ಸಾಹಸಪ್ರದರ್ಶನಕ್ಕಲ್ಲವೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಆದರೆ ದೂರ ಕಡಮೆಯಾದರೆ ಕಾಲವೂ ಕಡಮೆಯಾಗಬೇಕೆಂಬ ನಿಯಮವಿಲ್ಲ. ಮೇಲಣ ಆಕಾಶದಲ್ಲಿ ಪಡುವಲಿನಿಂದ ಮೂಡಲಿಗೆ ಬೀಸುವ ಪ್ರಬಲವಾದ ಗಾಳಿಯ ಹೊಳೆಗಳಿವೆ. 2016ನೆಯ ಅಕ್ಟೋಬರಿನಲ್ಲಿ ದೆಹಲಿಯಿಂದ ಹೊರಟ ವಿಮಾನವೊಂದು ಎಂದಿನ ಅಟ್ಲಾಂಟಿಕ್ ದಾರಿಯನ್ನು ಬಿಟ್ಟು, ಸಾವಿರಕ್ಕೂ ಹೆಚ್ಚು ಕಿಲೋಮೀಟರು ಸುತ್ತಾದ ಪೆಸಿಫಿಕ್ ದಾರಿಯನ್ನು ಹಿಡಿಯಿತು. ಗಾಳಿ ಬೆನ್ನಿಗಿದ್ದುದರಿಂದ ಸುಮಾರು 15,300 ಕಿಲೋಮೀಟರನ್ನು ಹದಿನಾಲ್ಕೂವರೆ ಘಂಟೆಗಳಲ್ಲಿಯೇ ಕಳೆದು ಸಾನ್ ಫ್ರಾನ್ಸಿಸ್ಕೋವನ್ನು ಮುಟ್ಟಿತು. ನಮ್ಮ ದೋಣಿಗಾರರು ಇದನ್ನು ಕೇಳಿದರೆ, ಇದರಲ್ಲಿ ಹೊಸದೇನು ಎಂದಾರು. ಮರಳಿ ಬರುವಾಗ ಅದೇ ಗಾಳಿ ಎದುರಾಗುತ್ತದೆ. ಉತ್ತರದ ದಾರಿಗೆ ಬೆಲೆ ಬರುವುದು ಆಗ.

ಆ ದಾರಿಯ ಕಷ್ಟವೆಂದರೆ ಅದರ ನಿರ್ಜನತೆ. ಎಂಜಿನು ಕೆಟ್ಟರೆ ಇಳಿಯಲು ನೆಲೆಯೊಂದು ಎಟುಕುವಷ್ಟರಲ್ಲಿರಬೇಕು. ಅಂಥ ನೆಲೆಗಳು ಅಲ್ಲಿ ವಿರಳ. 2023ನೆಯ ಜೂನ್ 6ರಂದು ದೆಹಲಿಯಿಂದ ಸಾನ್ ಫ್ರಾನ್ಸಿಸ್ಕೋವಿಗೆ ಹೊರಟಿದ್ದ ವಿಮಾನವು ಎಂಜಿನಿನ ದೋಷದಿಂದ ರಷ್ಯದ ದೂರಪೂರ್ವದ ಮಗದಾನ್ ಪಟ್ಟಣದಲ್ಲಿ ಇಳಿಯಿತು. ಇನ್ನೂರಕ್ಕೂ ಹೆಚ್ಚು ಪ್ರಯಾಣಿಕರಿಗೆ ತಕ್ಕಷ್ಟು ತಂಗುಮನೆಗಳು ಅಲ್ಲಿರಲಿಲ್ಲ. ಭಾರತದಿಂದ ಬೇರೊಂದು ವಿಮಾನ ಹೋಗಿ, ಜೂನ್ 8ರಂದು ಅವರನ್ನು ಮುಂದಕ್ಕೆ ಕರೆದೊಯ್ದಿತು.