ಹೊಗೆಯ ವ್ಯಾಪಾರವೂ ಬಳ್ಳಾರಿ ಸೀಮೆಯೂ

ಲೋಹವನ್ನು ಮಾರಿ ಬದುಕುವ ನಾಡು ಲೋಹದ ಧಾರಣೆಯೊಂದನ್ನೇ ವಿಚಾರಿಸಿ ಸುಮ್ಮನಿರುವ ಕಾಲವು ತೀರಿತು. ಇನ್ನು ಮೇಲೆ ಲೋಹದೊಡನೆ ಹೊರಟ ಹೊಗೆಗೂ ಧಾರಣೆಯುಂಟು. ೨೦೨೫ನೆಯ ಇಸವಿ ಅಕ್ಟೋಬರ್ ೮ರಂದು ಭಾರತ ಸರಕಾರದವರು ಅಲ್ಯುಮಿನಿಯಂ, ಸಿಮೆಂಟು, ಕಾಗದ, ಕ್ಲೋರಿನ್-ಕ್ಷಾರ ಎಂಬ ನಾಲ್ಕು ಉದ್ಯಮಗಳ ೨೮೨ ಕಾರ್ಖಾನೆಗಳಿಗೆ ಹೊಗೆಯ ಮಿತಿಯನ್ನು ಗೊತ್ತುಪಡಿಸಿ ನಿಯಮಗಳನ್ನು ಹೊರಡಿಸಿದರು. ೨೦೨೬ನೆಯ ಜನವರಿ ೧ರಿಂದ ಯುರೋಪು ಒಕ್ಕೂಟದವರು ಹೊರಗಿನಿಂದ ಬರುವ ಉಕ್ಕು, ಅಲ್ಯುಮಿನಿಯಂ ಮೊದಲಾದ ಸರಕುಗಳ ಮೇಲೆ, ಅವುಗಳ ತಯಾರಿಕೆಯಲ್ಲಿ ಹೊರಟ ಇಂಗಾಲಾಮ್ಲ ವಾಯುವಿನ ಲೆಕ್ಕದಂತೆ, ಗಡಿಸುಂಕವನ್ನು ಜಾರಿಗೆ ತಂದಿರುವರು. ಇವು ದೆಹಲಿ, ಬ್ರಸೆಲ್ಸ್‌ಗಳ ಕಚೇರಿಯ ಮಾತುಗಳೆಂದು ನಮ್ಮ ವಾಚಕರಲ್ಲಿ ಕೆಲವರು ಎಣಿಸಬಹುದು. ಕುಡತಿನಿಯ ಚಿಮಣಿಗಳನ್ನೂ ತೋರಣಗಲ್ಲಿನ ಕುಲುಮೆಗಳನ್ನೂ ನಿತ್ಯ ಕಾಣುತ್ತಿರುವ ಬಳ್ಳಾರಿಯವರಿಗೆ ಇವು ಮನೆಯಂಗಳದ ಮಾತುಗಳೆಂಬುದೇ ನಮ್ಮ ಅಭಿಪ್ರಾಯ.

ಈ ವ್ಯಾಪಾರದ ಕ್ರಮವೇನೆಂಬುದನ್ನು ಮೊದಲು ತಿಳಿಯಬೇಕು. ೨೦೨೨ರಲ್ಲಿ ತಿದ್ದುಪಡಿಯಾದ ಇಂಧನ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ೨೦೨೩ರ ಜೂನ್ ತಿಂಗಳಲ್ಲಿ ಸರಕಾರದವರು ಇಂಗಾಲದ ಪತ್ರಗಳ ವಿನಿಮಯ ಯೋಜನೆಯನ್ನು ಸಾರಿದರು. ಒಂದು ಟನ್ನು ಸರಕನ್ನು ತಯಾರಿಸುವಲ್ಲಿ ಇಷ್ಟು ಟನ್ನಿಗಿಂತ ಹೆಚ್ಚಿಗೆ ಇಂಗಾಲಾಮ್ಲ ವಾಯುವನ್ನು ಬಿಡಕೂಡದೆಂದು ಪ್ರತಿಯೊಂದು ಕಾರ್ಖಾನೆಗೂ ಮಿತಿಯನ್ನು ಹಾಕುವುದು. ಮಿತಿಗಿಂತ ಕಡಮೆ ಬಿಟ್ಟವರಿಗೆ ಉಳಿತಾಯದ ಟನ್ನೊಂದಕ್ಕೆ ಒಂದರಂತೆ ಪತ್ರವನ್ನು ಕೊಡುವುದು. ಮೀರಿದವರು ಆ ಪತ್ರಗಳನ್ನು ಪೇಟೆಯಲ್ಲಿ ಕೊಂಡು ಒಪ್ಪಿಸುವುದು. ಒಪ್ಪಿಸದವರು ಪತ್ರದ ಸರಾಸರಿ ಬೆಲೆಯ ಎರಡರಷ್ಟನ್ನು ಪರಿಹಾರವಾಗಿ ತೆರುವುದು. ಯೋಜನೆಯ ತಿರುಳಿಷ್ಟೇ. ಎಲ್ಲಿ ಕಡಮೆ ವೆಚ್ಚದಲ್ಲಿ ಹೊಗೆಯು ತಗ್ಗುವುದೋ ಅಲ್ಲಿ ಮೊದಲು ತಗ್ಗಲಿ ಎಂಬುದು ಅರ್ಥಶಾಸ್ತ್ರಜ್ಞರ ತರ್ಕ. ತರ್ಕವು ಅಸಂಬದ್ಧವೇನೂ ಅಲ್ಲ.

ಅಲ್ಯುಮಿನಿಯಂ ಉದ್ಯಮವನ್ನು ಮೊದಲ ಸಾಲಿನಲ್ಲಿ ನಿಲ್ಲಿಸಿದುದು ಅಕಾರಣವಲ್ಲ. ಸುಮಾರು ೪ ಟನ್ನು ಬಾಕ್ಸೈಟ್ ಅದಿರಿನಿಂದ ೨ ಟನ್ನು ಅಲ್ಯುಮಿನಾ ಎಂಬ ಬಿಳಿಯ ಪುಡಿಯೂ, ಅದರಿಂದ ೧ ಟನ್ನು ಲೋಹವೂ ದೊರೆಯುವುದು. ೧೮೮೬ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಎರೂ ಎಂಬಿಬ್ಬರು ಬೇರೆಬೇರೆಯಾಗಿ ಕಂಡುಹಿಡಿದ ಕ್ರಮವೇ ಇಂದಿಗೂ ನಡೆದಿದೆ. ಕರಗಿದ ಕ್ರಯೊಲೈಟ್ ಲವಣದಲ್ಲಿ ಅಲ್ಯುಮಿನಾವನ್ನು ಬೆರಸಿ, ಇಂಗಾಲದ ದಿಮ್ಮಿಗಳ ಮೂಲಕ ವಿದ್ಯುತ್ತನ್ನು ಹರಿಸುವರು. ಒಂದು ಟನ್ನು ಲೋಹಕ್ಕೆ ಸುಮಾರು ೧೪,೦೦೦ ಯೂನಿಟ್ ವಿದ್ಯುತ್ತು ಬೇಕು. ಆ ದಿಮ್ಮಿಗಳು ಸವೆದು ಸುಮಾರು ಒಂದೂವರೆ ಟನ್ನು ಇಂಗಾಲಾಮ್ಲ ವಾಯುವಾಗುವುವು. ಪಾತ್ರೆಯಲ್ಲಿ ಅಲ್ಯುಮಿನಾ ಕಡಮೆ ಬಿದ್ದಾಗ ಫ್ಲೋರಿನ್ ಮಿಶ್ರಿತವಾದ ಬೇರೊಂದು ಜಾತಿಯ ಅನಿಲವೂ ಹುಟ್ಟುವುದು. ಅದರ ಒಂದು ಟನ್ನು ಇಂಗಾಲಾಮ್ಲದ ಸಾವಿರಾರು ಟನ್ನಿಗೆ ಸಮ. ಇಷ್ಟಾದರೂ ನಮ್ಮ ದೇಶದಲ್ಲಿ ಹೆಚ್ಚಿನ ಹೊಗೆಯು ಬರುವುದು ಕುಲುಮೆಯಿಂದಲ್ಲ, ವಿದ್ಯುತ್ತಿನಿಂದ. ಕಲ್ಲಿದ್ದಲಿನಿಂದ ಒಂದು ಯೂನಿಟ್ ತೆಗೆಯುವಲ್ಲಿ ಸುಮಾರು ೧ ಕಿಲೋಗ್ರಾಂ ಇಂಗಾಲಾಮ್ಲ ಹೊರಡುವುದರಿಂದ, ಒಂದು ಟನ್ನು ಅಲ್ಯುಮಿನಿಯಂ ತನ್ನ ಹಿಂದೆ ಸುಮಾರು ೧೪ ಟನ್ನು ಹೊಗೆಯನ್ನು ಎಳೆದುಕೊಂಡು ಬರುವುದೆಂದಾಯಿತು. ಜಲವಿದ್ಯುತ್ತಿನಿಂದ ತೆಗೆದ ಲೋಹಕ್ಕೆ ಈ ಭಾರವಿಲ್ಲ. ಹಳೆಯ ಪಾತ್ರೆ ಪರಡಿಗಳನ್ನು ಕರಗಿಸಿ ಮಾಡಿದ ಲೋಹಕ್ಕೆ ಇಪ್ಪತ್ತರಲ್ಲೊಂದು ಪಾಲು ಶಕ್ತಿಯೇ ಸಾಕು. ಬೆಳಗಾವಿಯಲ್ಲಿ ಇಂಡಿಯನ್ ಅಲ್ಯುಮಿನಿಯಂ ಕಂಪೆನಿಯವರು ಸ್ಥಾಪಿಸಿ, ಈಗ ಹಿಂಡಾಲ್ಕೋದವರ ಕೈಯಲ್ಲಿರುವ ಕಾರ್ಖಾನೆಯಲ್ಲಿ ಹಿಂದೆ ಲೋಹವನ್ನೂ ತೆಗೆಯುತ್ತಿದ್ದರು. ಈಗ ಅಲ್ಲಿ ಅಲ್ಯುಮಿನಾ ಮಾತ್ರ ಸಿದ್ಧವಾಗುವುದು. ಲೋಹದ ಕುಲುಮೆಗಳು ಒಡಿಶಾ, ಮಧ್ಯಪ್ರದೇಶಗಳಂತಹ ಕಲ್ಲಿದ್ದಲಿನ ಸೀಮೆಗಳನ್ನು ಸೇರಿವೆ.

ನಮ್ಮ ಜಿಲ್ಲೆಯಲ್ಲಿ ಅಲ್ಯುಮಿನಿಯಂ ಕುಲುಮೆಯಿಲ್ಲ, ಉಕ್ಕಿನ ಕುಲುಮೆಯುಂಟು. ಊದು ಕುಲುಮೆಯ ಉಕ್ಕಿನ ಟನ್ನೊಂದಕ್ಕೆ ಎರಡು ಟನ್ನಿಗೂ ಮೇಲ್ಪಟ್ಟು ಇಂಗಾಲಾಮ್ಲ ಹೊರಡುವುದು. ೧೯೭೧ರಲ್ಲಿ ಇಂದಿರಾ ಗಾಂಧಿಯವರು ವಿಜಯನಗರ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲನ್ನಿಟ್ಟಾಗ ಈ ಸೀಮೆಯವರು ಎಷ್ಟು ಹಿಗ್ಗಿದರೋ, ಅದು ಕೈಗೂಡದೆ ವರ್ಷಗಳು ಕಳೆದಾಗ ಅಷ್ಟೇ ಮರುಗಿದರು. ಕಡೆಗೆ ಖಾಸಗಿ ಬಂಡವಾಳದಿಂದ ತೋರಣಗಲ್ಲಿನಲ್ಲಿ ಎದ್ದ ಜಿಂದಾಲರ ಕಾರ್ಖಾನೆಯು ಇಂದು ದೇಶದ ಅತಿ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲೊಂದು. ಕುಡತಿನಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮದವರ ೧,೭೦೦ ಮೆಗಾವ್ಯಾಟ್ ಉಷ್ಣ ಸ್ಥಾವರವೂ ಇದೆ. ಸಹಸ್ರಾರು ಸಂಸಾರಗಳಿಗೆ ಇವುಗಳಿಂದ ಅನ್ನವೂ, ನಾಡಿಗೆಲ್ಲ ಬೆಳಕೂ ದೊರೆತಿರುವುದನ್ನು ನಾವು ಮರೆತಿಲ್ಲ, ಮರೆಯತಕ್ಕುದೂ ಅಲ್ಲ.

ಈ ಸೀಮೆಗೆ ಬೆಂಕಿಯೂ ಕೈಗಾರಿಕೆಯೂ ಹೊಸವಲ್ಲ. ಸಂಗನಕಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದ ಜನರು ಕರಿಕಲ್ಲನ್ನು ಒಡೆದು ಕೊಡಲಿಗಳನ್ನು ರಾಶಿರಾಶಿಯಾಗಿ ತಯಾರಿಸುತ್ತಿದ್ದರು. ಕುಡತಿನಿಯ ಬೂದಿಗುಡ್ಡವು ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ದನಗಾಹಿಗಳು ಸಗಣಿಯ ರಾಶಿಗಳನ್ನು ಸುಟ್ಟುದರ ಗುರುತೆಂದು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿಯು ೧೯ನೆಯ ಶತಮಾನದಲ್ಲಿಯೇ ಕಂಡನು. ಮುಂದಿನ ಸಂಶೋಧಕರು ಅದನ್ನು ದೃಢಪಡಿಸಿದರು. ಆಗಲೂ ಹೊಗೆಯೆದ್ದಿತಲ್ಲ, ಈಗೇಕೆ ಭಯವೆಂದು ಕೆಲವರು ಕೇಳಬಹುದು. ವ್ಯತ್ಯಾಸವಿಷ್ಟೆ: ಸಗಣಿಯ ಇಂಗಾಲವು ಅದೇ ವರ್ಷ ಹುಲ್ಲು ಗಾಳಿಯಿಂದ ಹೀರಿದ್ದು, ಸುಟ್ಟಾಗ ಗಾಳಿಗೆ ಮರಳಿ, ಮುಂದಿನ ಮಳೆಗೆ ಮತ್ತೆ ಹುಲ್ಲನ್ನು ಸೇರುತ್ತಿತ್ತು. ಕಲ್ಲಿದ್ದಲಿನ ಇಂಗಾಲವು ಕೋಟ್ಯಂತರ ವರ್ಷ ಭೂಗರ್ಭದಲ್ಲಿ ಅಡಗಿದ್ದದ್ದು. ಅದು ಗಾಳಿಗೆ ಹೊಸ ಕೂಡಿಕೆ. ಅದರಲ್ಲಿ ಗಣನೀಯ ಭಾಗವು ಶತಮಾನಗಳ ಪರ್ಯಂತ ಅಲ್ಲಿಯೇ ನಿಂತು ಭೂಮಿಯ ಶಾಖವನ್ನು ತಡೆಯುವುದು. ೨೦೨೩ರಲ್ಲಿ ರಾಜ್ಯದ ೨೨೩ ತಾಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಒಂದು ವರ್ಷದ ಬರವನ್ನು ಹೊಗೆಯ ತಲೆಗೇ ಕಟ್ಟುವುದು ನ್ಯಾಯವಲ್ಲ. ಆದರೆ ಕಾವೇರಿದಂತೆ ಬರವೂ ಬಿರುಮಳೆಯೂ ತೀವ್ರವಾಗುವುವೆಂಬುದರಲ್ಲಿ ವಿಜ್ಞಾನಿಗಳಿಗೆ ಸಂದೇಹವಿಲ್ಲ. ತುಂಗಭದ್ರೆಯ ಕಾಲುವೆಯನ್ನೇ ನಂಬಿ ಬತ್ತ ನೆಡುವ ಸಿರುಗುಪ್ಪೆಯವರಿಗೂ, ಮೆಣಸಿನಕಾಯಿ ಬೆಳೆಯುವ ಕುರುಗೋಡಿನವರಿಗೂ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊಗೆಯ ವ್ಯಾಪಾರವು ಬಳ್ಳಾರಿಗೆ ಇದೇ ಮೊದಲನೆಯದೂ ಅಲ್ಲ. ೧೯೯೭ರ ಕ್ಯೋಟೋ ಒಪ್ಪಂದವು ೨೦೦೫ರಲ್ಲಿ ಜಾರಿಗೆ ಬಂದ ತರುವಾಯ, ಶ್ರೀಮಂತ ದೇಶಗಳು ತಮ್ಮ ಹೊಗೆಯನ್ನು ತಗ್ಗಿಸುವುದರ ಬದಲು ಬಡ ದೇಶಗಳ ಉಳಿತಾಯವನ್ನು ಕೊಳ್ಳಬಹುದಾಗಿತ್ತು. ತೋರಣಗಲ್ಲಿನ ಕುಲುಮೆಗಳಿಂದ ಹೊರಬರುವ ಅನಿಲವನ್ನು ಉರಿಸಿ ವಿದ್ಯುತ್ತನ್ನು ಪಡೆದ ಕಾರ್ಯವು ಆ ವ್ಯವಸ್ಥೆಯಲ್ಲಿ ನೋಂದಾಯಿತವಾಗಿತ್ತು. ವ್ಯರ್ಥವಾಗುವುದನ್ನು ಉಪಯೋಗಕ್ಕೆ ತಂದದ್ದು ಸ್ತುತ್ಯವೇ. ಆದರೆ ಪೇಟೆಯ ಗತಿಯೇನಾಯಿತು? ೨೦೦೮ರಲ್ಲಿ ಟನ್ನೊಂದಕ್ಕೆ ೨೦ ಯೂರೋಗಳ ಆಸುಪಾಸಿಗೆ ಏರಿದ್ದ ಆ ಪತ್ರಗಳ ಧಾರಣೆಯು ೨೦೧೨ರ ಅಂತ್ಯಕ್ಕೆ ೧ ಯೂರೋಕ್ಕಿಂತ ಕೆಳಗಿಳಿಯಿತು. ಪತ್ರಗಳನ್ನು ಬೇಕಾಬಿಟ್ಟಿಯಾಗಿ ಕೊಟ್ಟು, ಕೊಳ್ಳುವ ನಿರ್ಬಂಧವನ್ನು ಸಡಿಲಬಿಟ್ಟರೆ ಹೊಗೆಯ ಪೇಟೆಯು ಹೀಗೆಯೇ ಕುಸಿಯುವುದು. ದೆಹಲಿಯ ಅಧಿಕಾರಿಗಳು ಈ ಪಾಠವನ್ನು ಮರೆಯಕೂಡದು.

ಈಗಿನ ಯೋಜನೆಯಲ್ಲಿ ನಮಗೆ ಕಾಣುವ ಮುಖ್ಯ ಕೊರತೆಯು ಅದರ ಅಳತೆಗೋಲಿನಲ್ಲಿದೆ. ಮಿತಿಯನ್ನು ಹಾಕಿರುವುದು ಸರಕಿನ ಟನ್ನಿನ ಮೇಲೆ. ಒಟ್ಟು ಹೊಗೆಯ ಮೇಲಲ್ಲ. ಉದಾಹರಣೆಗೆ, ಕಾರ್ಖಾನೆಯೊಂದು ೧೦೦ ಲಕ್ಷ ಟನ್ನು ಸರಕನ್ನು ಟನ್ನಿಗೆ ೨.೫ರಂತೆ ಹೊಗೆ ಬಿಟ್ಟು ತಯಾರಿಸುತ್ತಿದೆಯೆನ್ನೋಣ. ಹೊಗೆಯು ೨೫೦ ಲಕ್ಷ ಟನ್ನು. ಸರಕಾರವು ೨.೪ರ ಮಿತಿಯನ್ನು ಹಾಕಿತು, ಕಾರ್ಖಾನೆಯು ೨.೩ಕ್ಕೆ ಇಳಿಸಿ, ಅದರೊಡನೆ ಉತ್ಪತ್ತಿಯನ್ನು ೧೫೦ ಲಕ್ಷ ಟನ್ನಿಗೆ ಏರಿಸಿತು. ಈಗ ಹೊಗೆಯು ೩೪೫ ಲಕ್ಷ ಟನ್ನು. ಆಕಾಶಕ್ಕೆ ೯೫ ಲಕ್ಷ ಟನ್ನು ಹೆಚ್ಚಾಯಿತು. ಕಾರ್ಖಾನೆಗೆ ೧೫ ಲಕ್ಷ ಪತ್ರಗಳು ಲಾಭವಾಗಿ ಬಂದವು. ಬೆಳೆಯುತ್ತಿರುವ ದೇಶಕ್ಕೆ ಆರಂಭದಲ್ಲಿ ಈ ಅಳತೆಯು ಅನಿವಾರ್ಯವೆಂದು ಸರಕಾರದವರು ಹೇಳುವರು. ಆರಂಭಕ್ಕೆ ಒಪ್ಪೋಣ. ಆದರೆ ೨೦೭೦ಕ್ಕೆ ಹೊಗೆಯ ಲೆಕ್ಕವನ್ನು ಸೊನ್ನೆಗೆ ತರುವೆವೆಂದು ೨೦೨೧ರಲ್ಲಿ ಗ್ಲಾಸ್ಗೋದಲ್ಲಿ ಜಗತ್ತಿಗೆ ವಚನವಿತ್ತವರು, ಒಟ್ಟು ಮಿತಿಯು ಯಾವ ವರ್ಷದಿಂದ ಬರುವುದೆಂಬುದನ್ನಾದರೂ ಹೇಳಬೇಡವೇ? ಇದಲ್ಲದೆ, ಯೋಜನೆಗೆ ಹೆಸರಿಸಿದ ಒಂಬತ್ತು ಉದ್ಯಮಗಳಲ್ಲಿ ಉಕ್ಕು ಇದ್ದರೂ ೨೦೨೫ರ ಅಕ್ಟೋಬರಿನ ಮೊದಲ ಪಟ್ಟಿಯಲ್ಲಿ ಅದು ಸೇರಿರಲಿಲ್ಲ. ಉಷ್ಣ ವಿದ್ಯುತ್ ಸ್ಥಾವರಗಳಂತೂ ಆ ಒಂಬತ್ತರಲ್ಲಿಯೇ ಬರಲಿಲ್ಲ.

ಯುರೋಪಿನ ಸುಂಕದ ವಿಚಾರದಲ್ಲಿ ನಮ್ಮವರು ಆಡುವ ಆಕ್ಷೇಪಣೆಯು ನ್ಯಾಯವಾದದ್ದೇ. ಭಾರತೀಯನೊಬ್ಬನ ಪಾಲಿನ ಹೊಗೆಯು ವರ್ಷಕ್ಕೆ ಸುಮಾರು ೨ ಟನ್ನು. ಅಮೆರಿಕದವನದು ಸುಮಾರು ೧೪ ಟನ್ನು. ಇನ್ನೂರು ವರ್ಷ ಕಲ್ಲಿದ್ದಲನ್ನು ಸುಟ್ಟು ಸಿರಿವಂತರಾದವರು ಈಗ ಗಡಿಯಲ್ಲಿ ಕುಳಿತು ನಮ್ಮಿಂದ ಸುಂಕವನ್ನೆತ್ತುವುದು ಯಾವ ಧರ್ಮ? ಸುಂಕವನ್ನು ಅಲ್ಲಿಯ ಆಮದುದಾರನೇ ಕಟ್ಟುವನಾದರೂ ಅದರ ಹೊರೆಯು ಮಾರುವವನ ಬೆಲೆಯ ಮೇಲೆ ಬೀಳುವುದೆಂಬುದು ವ್ಯಾಪಾರವನ್ನು ಬಲ್ಲವರಿಗೆಲ್ಲ ಗೊತ್ತು. ಆದರೆ ಪ್ರತಿಭಟನೆಯಿಂದಲೇ ಕಾರ್ಯವು ಮುಗಿಯದು. ಸರಕು ತಯಾರಾದ ದೇಶದಲ್ಲಿಯೇ ಇಂಗಾಲಕ್ಕೆ ಬೆಲೆ ತೆತ್ತಿದ್ದರೆ ಅಷ್ಟನ್ನು ಕಳೆದುಕೊಡಲು ಅವರ ಕಾನೂನಿನಲ್ಲಿಯೇ ಅವಕಾಶವಿದೆ. ಅವರ ಪೇಟೆಯಲ್ಲಿ ಟನ್ನಿನ ಬೆಲೆಯು ೨೦೨೩ರ ಫೆಬ್ರವರಿಯಲ್ಲಿ ನೂರು ಯೂರೋಗಳನ್ನು ಮುಟ್ಟಿತ್ತು. ನಮ್ಮ ಹೊಗೆಯ ಬೆಲೆಯನ್ನು ನಾವೇ ಸರಿಯಾಗಿ ಎತ್ತದಿದ್ದರೆ, ಆ ಹಣವು ಬ್ರಸೆಲ್ಸಿನ ಬೊಕ್ಕಸವನ್ನು ಸೇರುವುದು. ಹೊಗೆಯು ನಮಗೆ, ಹಣವು ಅವರಿಗೆ ಎಂಬ ಏರ್ಪಾಡನ್ನು ಸ್ವಾಭಿಮಾನವುಳ್ಳ ಯಾವ ದೇಶವೂ ಸಹಿಸಲಾರದು.

ಹಾಗೆ ಎತ್ತಿದ ಹಣವಾದರೂ ಯಾರಿಗೆ ಸಲ್ಲಬೇಕು? ಇಲ್ಲಿ ಬಳ್ಳಾರಿಯವರಿಗೆ ಕಹಿಯಾದ ಅನುಭವವುಂಟು. ೨೦೧೧ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇಲ್ಲಿಯ ಗಣಿಗಾರಿಕೆಯನ್ನು ತಡೆದ ಮೇಲೆ, ಅದಿರಿನ ಮಾರಾಟದ ಒಂದು ಭಾಗವನ್ನು ಕೆಟ್ಟ ನೆಲದ ಪುನರುಜ್ಜೀವನಕ್ಕೆಂದು ತೆಗೆದಿರಿಸಲಾಯಿತು. ಅದಕ್ಕಾಗಿ ನಿಗಮವೂ ಸ್ಥಾಪಿತವಾಯಿತು. ಸಹಸ್ರಾರು ಕೋಟಿ ರೂಪಾಯಿಗಳು ಕೂಡಿದುವು. ಆದರೆ ಆ ಹಣವು ಹಳ್ಳಿಗಳ ಕಡೆಗೆ ಹೊರಡಲು ವರ್ಷಗಟ್ಟಲೆ ಹಿಡಿಯಿತು. ಅಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳು ಕೆಂಧೂಳಿನಲ್ಲಿಯೇ ಬೆಳೆದರು. ಮತ್ತೊಂದು ಮಾತನ್ನೂ ಸ್ಪಷ್ಟಪಡಿಸಬೇಕು. ಇಂಗಾಲದ ಪತ್ರಕ್ಕೂ ಧೂಳಿಗೂ ಸಂಬಂಧವಿಲ್ಲ. ಇಂಗಾಲಾಮ್ಲವು ಕಣ್ಣಿಗೆ ಕಾಣದು, ಎಲೆಯ ಮೇಲೆ ಕೂರದು. ಕಾರ್ಖಾನೆಯು ಪತ್ರಗಳನ್ನು ಗಳಿಸಿದ ಮಾತ್ರಕ್ಕೆ ನೆರೆಯ ಹೊಲದ ಮಸಿಯು ತೊಳೆದುಹೋಯಿತೆಂದು ಅಧಿಕಾರಿಗಳು ಸಮಾಧಾನಪಡುವಂತಿಲ್ಲ; ಆ ಕರ್ತವ್ಯವು ಬೇರೆಯಾಗಿಯೇ ಇದೆ.

ಆದುದರಿಂದ ಸರಕಾರದವರಲ್ಲಿ ನಾವು ಮೂರು ವಿಷಯಗಳನ್ನು ಅರಿಕೆ ಮಾಡುವೆವು. ಪ್ರತಿಯೊಂದು ದೊಡ್ಡ ಕಾರ್ಖಾನೆಯ ಹೊಗೆಯ ಲೆಕ್ಕವು, ಟನ್ನಿನ ಲೆಕ್ಕವಷ್ಟೇ ಅಲ್ಲದೆ ಒಟ್ಟು ಲೆಕ್ಕವೂ, ವರ್ಷಕ್ಕೊಮ್ಮೆ ಕನ್ನಡದಲ್ಲಿ ಅಚ್ಚಾಗಿ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿಯೂ ಸುತ್ತಣ ಗ್ರಾಮ ಪಂಚಾಯಿತಿಗಳಲ್ಲಿಯೂ ದೊರೆಯಬೇಕು. ಉಕ್ಕು, ವಿದ್ಯುತ್ತುಗಳೆರಡಕ್ಕೂ ಒಟ್ಟು ಹೊಗೆಯ ಮಿತಿಯು ಯಾವ ವರ್ಷದಿಂದೆಂಬುದನ್ನು ಈಗಲೇ ಸಾರಬೇಕು. ಮುಂಚಿತವಾಗಿ ತಿಳಿದರೆ ಉದ್ಯಮಿಗಳಿಗೂ ಬಂಡವಾಳವನ್ನು ಹೂಡಲು ಅನುಕೂಲ. ಪರಿಹಾರವಾಗಿ ಬರುವ ಹಣದಲ್ಲಿ ನಿಶ್ಚಿತವಾದ ಪಾಲು ಹೊಗೆಯೆದ್ದ ಜಿಲ್ಲೆಯ ಕೆರೆ, ಕಾಲುವೆ, ಆಸ್ಪತ್ರೆಗಳಿಗೆ ಅದೇ ವರ್ಷ ಸಲ್ಲಬೇಕು.

ಜಿಲ್ಲೆಯ ವಿದ್ಯಾವಂತರಲ್ಲಿಯೂ ನಮ್ಮದೊಂದು ಮಾತಿದೆ. ಗಣಿಯ ಕಾಲದಲ್ಲಿ ಲೆಕ್ಕವನ್ನು ಕೇಳುವವರು ತಡವಾಗಿ ಎದ್ದರು. ಅಷ್ಟರಲ್ಲಿ ಗುಡ್ಡಗಳು ಕರಗಿದ್ದುವು. ಈ ಹೊಸ ವ್ಯಾಪಾರದ ಪುಸ್ತಕಗಳು ಈಗಷ್ಟೇ ತೆರೆಯುತ್ತಿರುವುವು. ವಕೀಲರೂ ಉಪಾಧ್ಯಾಯರೂ ನಿವೃತ್ತ ಅಧಿಕಾರಿಗಳೂ ಮೊದಲ ವರ್ಷದ ಲೆಕ್ಕವನ್ನೇ ಕೇಳಿ ಪಡೆದು, ಓದಿ, ಸಾರ್ವಜನಿಕರಿಗೆ ತಿಳಿಸುವರೆಂದು ನಾವು ಆಶಿಸುತ್ತೇವೆ.