ಬಿಚ್ಚಿದರೆ ಅರ್ಥವಾಗುತ್ತಿದ್ದ ಯಂತ್ರ

ಕಳೆದ ಬೇಸಿಗೆಯಲ್ಲಿ ನನ್ನ ಹಳೆಯ ಡೆಸ್ಕ್‌ಟಾಪ್ ಕೈಕೊಟ್ಟಿತು. ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತಿತ್ತು, ಮಾನಿಟರ್ ಮಾತ್ರ ಬೆಳಗುತ್ತಿರಲಿಲ್ಲ. ವಿಜಯಪುರದ ಗಾಂಧಿ ಚೌಕದ ಹತ್ತಿರ ಗಲ್ಲಿಯೊಂದರಲ್ಲಿರುವ ರಿಪೇರಿ ಅಂಗಡಿಗೆ ಸಿಪಿಯು ಡಬ್ಬಿಯನ್ನು ಹೊತ್ತುಕೊಂಡು ಹೋದೆ. ಒಳಗಿನಿಂದ ಉದ್ದುದ್ದ ಬೀಪ್ ಸದ್ದು ಬರುತ್ತಿತ್ತು. ಹುಡುಗ ಕಿವಿಗೊಟ್ಟು ಕೇಳಿದ. "ಇದಕ್ಕೇನೂ ಆಗಿಲ್ರಿ ಕಾಕಾ, ರ‍್ಯಾಮ್‌ಗೆ ಧೂಳ ಹಿಡದೈತ್ರಿ" ಎಂದ.

ಎರಡು ಸ್ಕ್ರೂ ಬಿಚ್ಚಿ ಪಕ್ಕದ ತಗಡನ್ನು ಹಿಂದಕ್ಕೆ ಸರಿಸಿದ. ಬ್ಲೋವರ್ ಹಿಡಿದ ಕೂಡಲೇ ನಮ್ಮ ಎರೆಮಣ್ಣಿನ ಧೂಳು ಬೀದಿಗೆ ಹಾರಿತು. ಅಂಗೈಯುದ್ದದ ರ‍್ಯಾಮ್ ಪಟ್ಟಿಯನ್ನು ಕಿತ್ತು, ಅದರ ಬಂಗಾರದ ಬಣ್ಣದ ಹಲ್ಲುಗಳನ್ನು ಶಾಲೆ ಮಕ್ಕಳು ಬಳಸುವ ರಬ್ಬರಿನಿಂದ ನಾಲ್ಕು ಸಲ ತಿಕ್ಕಿದ. ಮತ್ತೆ ಅದರ ಜಾಗದಲ್ಲಿಟ್ಟು ಒತ್ತಿದಾಗ ಎರಡೂ ಕಡೆಯ ಕೊಂಡಿಗಳು ಟಕ್ಕೆಂದು ಬಿದ್ದವು. ಈ ಸಲ ಒಂದೇ ಒಂದು ಗಿಡ್ಡ ಬೀಪ್. ಮಾನಿಟರ್ ಬೆಳಗಿತು. ತಾರೀಖು ಹಿಂದಕ್ಕೆ ಸರಿದಿದ್ದು ಕಂಡು, ರೂಪಾಯಿ ನಾಣ್ಯದಂಥ ಸೆಲ್ಲನ್ನೂ ಬದಲಿಸಿ ಕೊಟ್ಟ. ಅರ್ಧ ಗಂಟೆಯ ಕೆಲಸ.

ಮರುವಾರ ಅದೇ ಹುಡುಗನ ಬಳಿ ಮನೆಯ ಲ್ಯಾಪ್‌ಟಾಪ್ ಒಯ್ದೆ. ಕೊಂಡು ಮೂರು ವರ್ಷವೂ ಆಗಿರಲಿಲ್ಲ. ಮೆಮೊರಿ ಸಾಲದೆ ತೆವಳುತ್ತಿತ್ತು. ಅವನು ಕೆಳಗಿನ ಮುಚ್ಚಳವನ್ನು ಬಹಳ ಎಚ್ಚರದಿಂದ ಎಬ್ಬಿಸಿ ನೋಡಿ, ಹಾಗೇ ಮುಚ್ಚಿದ. "ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕ್ಯಾರ್ರಿ. ಬದಲ್ ಮಾಡಾಕ ಬರಂಗಿಲ್ಲ. ಹೊಸಾದ ತಗೋಬೇಕ್ರಿ."

ಈ ಎರಡು ಭೇಟಿಗಳೇ ಈ ಲೇಖನಕ್ಕೆ ಕಾರಣ. ಹಳೆಯದರ ಮೇಲಿನ ನನ್ನ ಪ್ರೀತಿ ಬರೀ ಹಳಹಳಿಕೆಯಲ್ಲ. ಕೊಂಡವನು ಬಿಚ್ಚಿ ನೋಡಬಹುದಾದ, ನೋಡಿದರೆ ಅರ್ಥವಾಗುವ, ಅರ್ಥವಾದರೆ ಸರಿಪಡಿಸಬಹುದಾದ ಯಂತ್ರ ಅದಾಗಿತ್ತು. ಅದು ಕೈತಪ್ಪುತ್ತಿದೆ ಎಂಬುದೇ ನನ್ನ ಸಂಕಟ.

ತೆರೆಯಲೆಂದೇ ಕಟ್ಟಿದ್ದು

1977ರಲ್ಲಿ ಬಂದ ಆ್ಯಪಲ್ 2 ಕಂಪ್ಯೂಟರಿನ ಮುಚ್ಚಳವನ್ನು ಕೈಯಿಂದಲೇ ಎತ್ತಬಹುದಿತ್ತು. ಒಳಗೆ ಹೊಸ ಕಾರ್ಡುಗಳನ್ನು ಸಿಕ್ಕಿಸಲು ಎಂಟು ಸ್ಲಾಟ್‌ಗಳಿದ್ದವು. ಎರಡು ಸಾಕು ಎಂದು ಸ್ಟೀವ್ ಜಾಬ್ಸ್ ಹೇಳಿದರೂ ಎಂಟೇ ಬೇಕು ಎಂದು ಹಟ ಹಿಡಿದು ಗೆದ್ದವರು ಅದನ್ನು ರೂಪಿಸಿದ ಸ್ಟೀವ್ ವೋಜ್ನಿಯಾಕ್. 1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಪಿಸಿಯನ್ನು ಬಿಡುಗಡೆ ಮಾಡಿದಾಗ, ಅದರ ಸರ್ಕ್ಯೂಟ್ ನಕ್ಷೆಗಳಿದ್ದ ತಾಂತ್ರಿಕ ಕೈಪಿಡಿಯನ್ನೂ ಮಾರಾಟಕ್ಕಿಟ್ಟಿತು. ಒಳಗೇನಿದೆ ಎಂದು ಗೊತ್ತಾದ್ದರಿಂದಲೇ ಬೇರೆ ಕಂಪನಿಗಳು ಅದಕ್ಕೆ ಹೊಂದುವ ಬಿಡಿಭಾಗಗಳನ್ನೂ, ಕೊನೆಗೆ ಅದರಂಥದೇ ಕಂಪ್ಯೂಟರುಗಳನ್ನೂ ಮಾಡಿದವು.

ಆ ತೆರೆದ ಬಾಗಿಲಿನ ಫಲ ನಮ್ಮ ಊರುಗಳಿಗೂ ಬಂತು. ಕಂಪನಿಯ ಕಂಪ್ಯೂಟರು ಎಟುಕದ ಕಾಲದಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಪುಣೆಯಲ್ಲೋ ಮದರ್‌ಬೋರ್ಡು, ಹಾರ್ಡ್ ಡಿಸ್ಕು, ಎಸ್ಎಂಪಿಎಸ್ಸು, ಕ್ಯಾಬಿನೆಟ್ಟುಗಳನ್ನು ಬೇರೆಬೇರೆಯಾಗಿ ಕೊಂಡು ಊರಲ್ಲೇ ಜೋಡಿಸಿದ 'ಅಸೆಂಬಲ್ಡ್' ಪಿಸಿಗಳು ಡಿಟಿಪಿ ಅಂಗಡಿಗಳಿಗೂ ಟೈಪಿಂಗ್ ಕ್ಲಾಸುಗಳಿಗೂ ಬಂದು ಕುಳಿತವು. ಒಂದು ಭಾಗ ಸತ್ತರೆ ಅದೊಂದನ್ನೇ ಬದಲಿಸಿದರಾಯಿತು, ಉಳಿದದ್ದು ನಡೆಯುತ್ತಿತ್ತು.

ಹಿಂಬದಿಯ ಆ ಬಣ್ಣದ ಕಿಂಡಿಗಳನ್ನು ನೆನಪಿಸಿಕೊಳ್ಳಿ. ಕೀಬೋರ್ಡಿಗೆ ನೇರಳೆ, ಮೌಸಿಗೆ ಹಸಿರು, ಮಾನಿಟರಿಗೆ ನೀಲಿ, ಮೈಕಿಗೆ ಗುಲಾಬಿ. ಮೈಕ್ರೋಸಾಫ್ಟ್ ಮತ್ತು ಇಂಟೆಲ್ ಸೇರಿ ರೂಪಿಸಿದ 'ಪಿಸಿ 99' ನಿಯಮಾವಳಿಯ ಬಣ್ಣಗಳು ಅವು. ಬಣ್ಣಕ್ಕೆ ಬಣ್ಣ ಕೂಡಿಸಿದರೆ ಕಂಪ್ಯೂಟರ್ ಸಿದ್ಧ. ಇಂಗ್ಲಿಷ್ ಬಾರದ ನನ್ನ ಅವ್ವ ಕೂಡ ತಂತಿ ಜೋಡಿಸಿಕೊಟ್ಟಿದ್ದಳು. 1999ರಲ್ಲಿ ಆ್ಯಪಲ್‌ನ ನೀಲಿ-ಬಿಳಿ ಪವರ್ ಮ್ಯಾಕ್ ಜಿ3 ಬಂತು. ಪಕ್ಕದ ಉಂಗುರ ಹಿಡಿದು ಎಳೆದರೆ ಅದರ ಇಡೀ ಬಾಗಿಲು ಮದರ್‌ಬೋರ್ಡನ್ನು ಹೊತ್ತುಕೊಂಡೇ ಮೇಜಿನ ಮೇಲೆ ಒರಗುತ್ತಿತ್ತು. ಒಳಗನ್ನು ತೋರಿಸುವುದನ್ನೂ ವಿನ್ಯಾಸದ ಭಾಗ ಎಂದು ನಂಬಿದ್ದವರ ಕೆಲಸವದು.

ರೈತನ ಕಡೆಗೆ ತಿರುಗಿದ ಮಾನಿಟರ್

ನನ್ನ ಮಟ್ಟಿಗೆ ಡೆಸ್ಕ್‌ಟಾಪಿನ ಅತ್ಯುತ್ತಮ ವಿನ್ಯಾಸ ಕಂಡದ್ದು ನಮ್ಮ ರಾಜ್ಯದ ತಾಲ್ಲೂಕು ಕಚೇರಿಗಳಲ್ಲೇ. ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದ, 67 ಲಕ್ಷ ರೈತರ ಎರಡು ಕೋಟಿ ಪಹಣಿಗಳನ್ನು 'ಭೂಮಿ' ಯೋಜನೆ 2000ದ ಆಸುಪಾಸಿನಲ್ಲಿ ಕಂಪ್ಯೂಟರಿಗೇರಿಸಿತು. ಆಗಿದ್ದ 177 ತಾಲ್ಲೂಕುಗಳಲ್ಲಿ ಕೇಂದ್ರಗಳು ತೆರೆದವು, 15 ರೂಪಾಯಿಗೆ ಪಹಣಿ ಸಿಗತೊಡಗಿತು. ಆ ಕೇಂದ್ರಗಳಲ್ಲಿ ಒಂದು ಮಾನಿಟರ್ ಸಿಬ್ಬಂದಿಯ ಕಡೆಗಿದ್ದರೆ, ಎರಡನೆಯದು ಕಿಟಕಿಯಾಚೆ ನಿಂತ ರೈತನ ಕಡೆಗೆ ತಿರುಗಿರುತ್ತಿತ್ತು. ಒಳಗೆ ಏನು ನಡೆದಿದೆ ಎಂದು ಅವನಿಗೂ ಕಾಣಲಿ ಎಂದೇ ಹಾಗೆ ಇಟ್ಟದ್ದು.

ತಿಕೋಟಾ, ಬಬಲೇಶ್ವರ ಇನ್ನೂ ತಾಲ್ಲೂಕುಗಳಾಗಿರದ ಆ ದಿನಗಳಲ್ಲಿ ಅಲ್ಲಿಯ ರೈತರು ಪಹಣಿಗೆ ವಿಜಯಪುರಕ್ಕೇ ಬರುತ್ತಿದ್ದರು. ತಿಕೋಟಾ ಕಡೆ ದ್ರಾಕ್ಷಿ ತೋಟವಿದ್ದ ನನ್ನ ಸೋದರಮಾವ ಬೆಳೆಸಾಲಕ್ಕೆಂದು ಬಂದಾಗ ನಾನೂ ಜೊತೆಗಿದ್ದೆ. ಮಾನಿಟರಿನಲ್ಲಿ ಅಕ್ಷರ ಮೂಡುತ್ತಲೇ ಅವರು ಕಿಟಕಿಗೆ ಬೆರಳಿಟ್ಟು, "ಸಾಹೇಬ್ರ, ಅದು ನಮ್ಮ ಸರ್ವೆ ನಂಬರ್ ಅಲ್ರಿ" ಎಂದರು. ಒಳಗಿದ್ದವರು ಅಳಿಸಿ ಮತ್ತೆ ಟೈಪಿಸಿದರು. ಹೆಬ್ಬೆಟ್ಟೊತ್ತಿ ಬಂದ ತಲೆಮಾರಿನ ಮಗ ಕಂಪ್ಯೂಟರಿನ ತಪ್ಪು ತಿದ್ದಿಸಿದ್ದು ಆ ಎರಡನೆಯ ಮಾನಿಟರಿನಿಂದ.

ಈಗ ಪಹಣಿ ಮೊಬೈಲಿನಲ್ಲೇ ಸಿಗುತ್ತದೆ. ಬಸ್ಸಿನ ಖರ್ಚು ಉಳಿದಿದೆ. ಅದು ದೊಡ್ಡ ಅನುಕೂಲ, ಮರೆಯಬಾರದು. ಆದರೆ ಓಟಿಪಿ, ಪಾಸ್‌ವರ್ಡು ನಿಭಾಯಿಸಲಾಗದ ಹಿರಿಯರು ಇಂದಿಗೂ ಆನ್‌ಲೈನ್ ಅಂಗಡಿಯ ಮುಂದೆ ಫೋನು ಹಿಡಿದು ನಿಂತಿರುವುದನ್ನು ಎಲ್ಲ ಊರುಗಳಲ್ಲೂ ಕಾಣುತ್ತೇವೆ. ಅಲ್ಲಿ ಮಾನಿಟರ್ ತಿರುಗಿರುವುದು ಅಂಗಡಿಯವನ ಕಡೆಗೆ.

ಇದ್ದ ಕೀಲಿಗಳಲ್ಲೇ ಕನ್ನಡ

ಹೊಸ ಆವಿಷ್ಕಾರವೆಂದರೆ ಹೊಸದೊಂದನ್ನು ಮೇಲೆ ಪೇರಿಸುವುದಲ್ಲ ಎಂದು ತೋರಿಸಿಕೊಟ್ಟವರು ಕೆ.ಪಿ. ರಾವ್. ಇಂಗ್ಲಿಷ್ ಕೀಬೋರ್ಡಿನ ಅಕ್ಷರ ಕೀಲಿಗಳಲ್ಲೇ ಕನ್ನಡವನ್ನೆಲ್ಲ ಅವರು ಕೂರಿಸಿದರು. 'ಕ' ಇರುವ ಕೀಲಿಯನ್ನು ಶಿಫ್ಟ್ ಜೊತೆ ಒತ್ತಿದರೆ 'ಖ', ಒತ್ತಕ್ಷರ ಬೇಕಾದರೆ ನಡುವೆ 'ಎಫ್'. ರಾಜ್ಯ ಸರ್ಕಾರ ಅದನ್ನೇ ಪ್ರಮಾಣಿತ ವಿನ್ಯಾಸವೆಂದು ಒಪ್ಪಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಅದನ್ನು ಊರೂರಿಗೆ ತಲುಪಿಸಿತು. ಟಿವಿಎಸ್ ಗೋಲ್ಡ್ ಕೀಬೋರ್ಡಿನ ಟಕಟಕ ಸದ್ದಿನ ಜೊತೆಗೆ ನಮ್ಮ ಊರಿನ ಲಗ್ನಪತ್ರಿಕೆಗಳು, ಕರಪತ್ರಗಳು, ಕೋರ್ಟಿನ ಅರ್ಜಿಗಳು ಹುಟ್ಟಿದವು.

ಇದನ್ನು 2024ರ ಜನವರಿಯಲ್ಲಿ ನಡೆದದ್ದರ ಪಕ್ಕದಲ್ಲಿಟ್ಟು ನೋಡಿ. ಸುಮಾರು ಮೂರು ದಶಕಗಳಲ್ಲೇ ವಿಂಡೋಸ್ ಕೀಬೋರ್ಡಿನ ಮೊದಲ ದೊಡ್ಡ ಬದಲಾವಣೆ ಎಂದು ಮೈಕ್ರೋಸಾಫ್ಟ್ ಘೋಷಿಸಿದ್ದು ತನ್ನ ಎಐ ಸೇವೆಯನ್ನು ಕರೆಯುವ ಒಂದು 'ಕೋಪೈಲಟ್' ಕೀಲಿಯನ್ನು. ಬರೆಯುವವನು ಕೇಳಿದ್ದು ಅದಲ್ಲ. ಅದಕ್ಕೂ ಮೊದಲು, 2013ರಲ್ಲಿ, ಅಡೋಬಿ ತನ್ನ ವಿನ್ಯಾಸ ತಂತ್ರಾಂಶಗಳನ್ನು ಬಾಡಿಗೆಗಷ್ಟೇ ಕೊಡುವ ದಾರಿ ಹಿಡಿಯಿತು. ಬಾಡಿಗೆ ನಿಂತ ದಿನ ಉಪಕರಣವೂ ನಿಲ್ಲುತ್ತದೆ.

ಉಪಕರಣ ನಮ್ಮದಾಗಿರಬೇಕು ಎಂಬ ಮಾತು ನಮ್ಮ ವಿಜಯಪುರಕ್ಕೆ ಹೊಸದಲ್ಲ. ವಚನಗಳನ್ನು ಅಚ್ಚಿಗೆ ತರಲು ಫ.ಗು. ಹಳಕಟ್ಟಿಯವರು ಇದ್ದ ಮನೆಯನ್ನೇ ಮಾರಿ 1925ರಲ್ಲಿ ಇಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. ಮರುವರ್ಷ 'ಶಿವಾನುಭವ' ಪತ್ರಿಕೆ ಹೊರಟಿತು. ಯಂತ್ರ ಸ್ವಂತದ್ದಾಗಿತ್ತು, ಆದ್ದರಿಂದ ಏನು ಅಚ್ಚಾಗಬೇಕು ಎಂಬ ತೀರ್ಮಾನವೂ ಅವರದೇ ಆಗಿತ್ತು.

ಹೊಸದರಲ್ಲಿ ಒಳ್ಳೆಯದೂ ಇದೆ

ಹಳೆಯ ಗಾಜಿನ ಮಾನಿಟರುಗಳು ಕರೆಂಟು ಬಹಳ ತಿನ್ನುತ್ತಿದ್ದವು, ಅವುಗಳ ಗಾಜಿನಲ್ಲಿ ಸೀಸವಿತ್ತು. ಅವು ಮರಳಿ ಬರಲಿ ಎಂದು ನಾನು ಬಯಸುವುದಿಲ್ಲ. ಹಾರ್ಡ್ ಡಿಸ್ಕಿನ ಜಾಗಕ್ಕೆ ಬಂದ ಎಸ್ಎಸ್‌ಡಿ ನಿಜವಾದ ಆವಿಷ್ಕಾರ. ಹತ್ತು ವರ್ಷದ ಡೆಸ್ಕ್‌ಟಾಪಿಗೆ ಅದನ್ನು ಹಾಕಿಸಿದರೆ ಹೊಸ ಜೀವ ಬರುತ್ತದೆ. ಬರುವುದು ಏಕೆಂದರೆ ಹಳೆಯ ಡಬ್ಬಿಯಲ್ಲಿ ಅದಕ್ಕೆ ಜಾಗವಿದೆ, ತಂತಿಯಿದೆ, ಬಿಚ್ಚಲು ಸ್ಕ್ರೂ ಇದೆ.

ಇಂಥ ಗಟ್ಟಿ ಯಂತ್ರಗಳನ್ನೂ ಈಗ ಹೊರದಬ್ಬಲಾಗುತ್ತಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಇತ್ತೀಚಿನ ಪ್ರೊಸೆಸರೂ ಬೇಕು. ಭದ್ರತೆ ಬೇಡವೆಂದಲ್ಲ, ಆದರೆ ಕೆಡದ ಯಂತ್ರವನ್ನು ಕೆಟ್ಟದ್ದೆಂದು ಸಾರುವುದು ಪ್ರಗತಿಯಲ್ಲ. ಜಗತ್ತಿನಲ್ಲಿ ಎದುರುದಾರಿಗಳೂ ತೆರೆಯುತ್ತಿವೆ. ಅಮೆರಿಕದ ಫ್ರೇಮ್‌ವರ್ಕ್ ಕಂಪನಿ 2021ರಿಂದ ಬಳಸುವವರೇ ಬಿಚ್ಚಿ ಬದಲಿಸಬಹುದಾದ ಲ್ಯಾಪ್‌ಟಾಪ್ ಮಾರುತ್ತಿದೆ. ಯುರೋಪಿನ ಒಕ್ಕೂಟದಲ್ಲಿ 2027ರ ಫೆಬ್ರುವರಿ 18ರಿಂದ, ಕೆಲವು ವಿನಾಯಿತಿಗಳ ಹೊರತು, ಉಪಕರಣಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆದು ಹಾಕುವಂತಿರಬೇಕು ಎಂಬ ನಿಯಮ ಜಾರಿಗೆ ಬರುತ್ತದೆ.

ಮೂಲೆ ಸೇರಿದ ಹಳೆಯ ಡೆಸ್ಕ್‌ಟಾಪ್ ನಿಮ್ಮ ಮನೆಯಲ್ಲಿದ್ದರೆ ಗುಜರಿಗೆ ಹಾಕುವ ಮೊದಲು ಒಮ್ಮೆ ಬಿಚ್ಚಿಸಿ. ಧೂಳು ಹೊಡೆಸಿ, ಎಸ್ಎಸ್‌ಡಿ ಹಾಕಿಸಿ, ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಸಿ, ಹಳ್ಳಿಯ ಶಾಲೆಯೊಂದಕ್ಕೆ ಕೊಡಿ. ಶಾಲೆಗೆ, ಕಚೇರಿಗೆ ಹೊಸದನ್ನು ಕೊಳ್ಳುವವರು ಬೆಲೆಯ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಲಿ: ಇದನ್ನು ನಮ್ಮ ಊರಿನ ಹುಡುಗ ಬಿಚ್ಚಿ ಸರಿಮಾಡಬಲ್ಲನೇ? ಇಲ್ಲ ಎಂಬ ಉತ್ತರ ಬಂದರೆ ಅದನ್ನು ಕೊಳ್ಳಬೇಡಿ.