ಕೂಡಿ ಮಾಡುವ ಕೆಲಸ: ವಿಜಯಪುರ ಸೀಮೆಯ ಕೆಲವು ಸಂಸ್ಥೆಗಳ ಕುರಿತು

ಊರಿನ ಹತ್ತು ಜನರು ಕೂಡಿ ಒಂದು ಕಾರ್ಯವನ್ನು ಕೈಕೊಂಡರೆ ಅದು ಹೇಗೆ ಸಾಗುತ್ತದೆ, ಮೊದಲಿಗರು ಕಾಲವಾದ ಮೇಲೂ ಅದು ಹೇಗೆ ಉಳಿಯುತ್ತದೆ ಎಂಬ ಪ್ರಶ್ನೆಯನ್ನು ಇತಿಹಾಸದ ಪಾಠಗಳಲ್ಲಿ ನಾವು ಅಷ್ಟಾಗಿ ಎತ್ತುವುದಿಲ್ಲ. ಅರಸರ ವಂಶಾವಳಿ, ಯುದ್ಧ, ಕಟ್ಟಡ ಇವೇ ನಮ್ಮ ವೇಳೆಯನ್ನು ತುಂಬುತ್ತವೆ. ವಿಜಯಪುರದಂಥ ಊರಿನಲ್ಲಿ ಇದು ಸಹಜವೂ ಅಹುದು. ಗೋಲಗುಮ್ಮಟದ ನೆರಳಿನಲ್ಲಿ ಉಳಿದ ಸಂಗತಿಗಳು ಕಿರಿದಾಗಿ ಕಾಣುತ್ತವೆ. ಆದರೂ ಈ ಪ್ರಶ್ನೆಯನ್ನು ವಿವೇಚಿಸಲು ಬೇಕಾದ ಸಾಮಗ್ರಿ ಈ ಸೀಮೆಯಲ್ಲಿಯೇ ಹೇರಳವಾಗಿದೆ.

ಅದರಲ್ಲಿ ಅತ್ಯಂತ ಸ್ಪಷ್ಟವಾದ ಹಳೆಯ ಆಧಾರವೆಂದರೆ ಇಂಡಿ ತಾಲ್ಲೂಕಿನ ಸಾಲೋಟಗಿಯ ಕ್ರಿ.ಶ. 945ರ ಶಾಸನ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಪಾವಿಟ್ಟಗೆ ಎಂಬ ಆ ಊರಿಗೆ ಶಾಲೆಯ ಹೆಸರೇ ಸೇರಿಕೊಂಡಿತು. ಕಟ್ಟಡವನ್ನು ಕಟ್ಟಿಸಿದವನು ಮಂತ್ರಿ. ಅದು ನಡೆಯುವಂತೆ ಮಾಡಿದ್ದು ಊರು. ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು, ಅವರ ನಿರ್ವಾಹಕ್ಕೆ 500 ನಿವರ್ತನ ಭೂಮಿ, ದೀಪಕ್ಕೆ 12 ನಿವರ್ತನ, ಉಪಾಧ್ಯಾಯನಿಗೆ 50 ನಿವರ್ತನ ಎಂದು ಒಂದೊಂದು ವೆಚ್ಚಕ್ಕೂ ಬೇರೆ ಬೇರೆ ಆದಾಯವನ್ನು ಗೊತ್ತುಮಾಡಲಾಯಿತು. ಇದಕ್ಕಿಂತಲೂ ಗಮನಾರ್ಹವಾದುದು ಊರವರ ವಂತಿಗೆ. ಮದುವೆಯಾದ ಮನೆಯವರು ಐದು ನಾಣ್ಯ, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಅದರಲ್ಲಿಯೂ ಅರ್ಧ ಕೊಡತಕ್ಕದ್ದು. ದಾನಿಯ ಔದಾರ್ಯ ಒಂದು ತಲೆಮಾರಿನದು. ಮದುವೆಗಳು ಪ್ರತಿ ವರ್ಷವೂ ಆಗುತ್ತವೆ. ಶಾಸನವನ್ನು ಬರೆಯಿಸಿದವರು ಈ ಲೆಕ್ಕವನ್ನು ಬಲ್ಲವರಾಗಿದ್ದರು ಎನ್ನಲು ಅಡ್ಡಿಯಿಲ್ಲ.

ಇದರ ಪಕ್ಕದಲ್ಲಿ ಆದಿಲಶಾಹಿ ಅರಸರ ನೀರಿನ ವ್ಯವಸ್ಥೆಯನ್ನಿಟ್ಟು ನೋಡಬೇಕು. ತೊರವಿಯಿಂದಲೂ, 1651ರ ಬೇಗಂ ತಲಾಬಿನಿಂದಲೂ ನೆಲದೊಳಗಿನ ಕೊಳವೆಗಳಲ್ಲಿ ನೀರು ನಗರಕ್ಕೆ ಹರಿದು ಬರುತ್ತಿತ್ತು. ಅದರ ಒತ್ತಡವನ್ನು ತಗ್ಗಿಸುತ್ತಿದ್ದ ಗಂಜುಗಳೆಂಬ ಗೋಪುರಗಳು ಇಂದಿಗೂ ನಿಂತಿವೆ. ಕೌಶಲದಲ್ಲಿ ಸಾಲೋಟಗಿಯ ಶಾಲೆ ಇದಕ್ಕೆ ಸಾಟಿಯಲ್ಲ. ಆದರೆ ಈ ಕಾರ್ಯದ ಬೆನ್ನಿಗೆ ಇದ್ದದ್ದು ದರಬಾರು. 1686ರಲ್ಲಿ ಔರಂಗಜೇಬನಿಗೆ ನಗರ ವಶವಾಗಿ ದರಬಾರು ಅಳಿದಾಗ ನಗರವೂ ಕುಗ್ಗಿತು.

ತಿಕೋಟಾ, ಬಬಲೇಶ್ವರ ಮೊದಲಾದ ಕಡೆ ಹಳ್ಳಿಯ ಜನರು ಇನ್ನೊಂದು ಬಗೆಯಲ್ಲಿ ಕೂಡಿ ಬಾಳಿದರು. ಉತ್ತರ ಕರ್ನಾಟಕದಲ್ಲಿ ಊರ ಹಿರಿಯರ ಸಭೆಗೆ ‘ದೈವ’ ಎಂದೇ ಹೆಸರು. ದೈವದವರು ಕೂಡಿದರೆಂದರೆ ಜಾತ್ರೆಯ ಪಟ್ಟಿಯೋ ಗಡಿಯ ತಂಟೆಯೋ ಇತ್ಯರ್ಥವಾಗಬೇಕು. ಬಡಿಗ, ಕಮ್ಮಾರ, ಕುಂಬಾರ ಮೊದಲಾದ ಆಯಗಾರರು ವರ್ಷವಿಡೀ ದುಡಿದು, ಸುಗ್ಗಿಯಲ್ಲಿ ಜೋಳದ ರಾಶಿಯಿಂದ ತಮ್ಮ ಆಯವನ್ನು ಪಡೆಯುತ್ತಿದ್ದರು. ಒಕ್ಕಲಿಗರು ಪರಸ್ಪರರ ಹೊಲದಲ್ಲಿ ಮುಯ್ಯಿಗೆ ದುಡಿಯುತ್ತಿದ್ದರು. ಇಂದು ನಿನ್ನ ಹೊಲ, ನಾಳೆ ನನ್ನದು. ಇದಕ್ಕೆ ಬರಹದ ಲೆಕ್ಕವಿರಲಿಲ್ಲ, ಆದರೆ ಮುಯ್ಯಿಯನ್ನು ತೀರಿಸದವನನ್ನು ಊರು ಮರೆಯುತ್ತಿರಲಿಲ್ಲ. ಈ ಪದ್ಧತಿಯನ್ನು ನಮ್ಮಲ್ಲಿ ಕೆಲವರು ಬಹುವಾಗಿ ಕೊಂಡಾಡುತ್ತಾರೆ. ಆ ಹೊಗಳಿಕೆ ಅರ್ಧ ಮಾತ್ರ ಸರಿ. ಆಯದ ಕೆಲಸ ಹುಟ್ಟಿನಿಂದ ಬಂದುದು, ಬಿಡಲು ಬಾರದು. ದೈವದಲ್ಲಿ ಹೆಂಗಸರಿಗೆ ಸ್ಥಾನವಿಲ್ಲ. ಕೆಳಗಿನವರೆಂದು ಎಣಿಸಲ್ಪಟ್ಟವರಿಗೆ ಕೆಲಸ ಉಂಟು, ಮಾತಿಲ್ಲ. ಸಾಲೋಟಗಿಯ ವಂತಿಗೆಯ ಪಟ್ಟಿಯಲ್ಲಿರುವ ಸಂಸ್ಕಾರಗಳನ್ನು ನೋಡಿದರೂ ಆ ಶಾಲೆ ಯಾರದೆಂಬುದು ತಿಳಿಯುತ್ತದೆ.

ತಾನಾಗಿ ಸೇರುವ, ಬರೆದ ನಿಯಮವುಳ್ಳ ಕೂಟ ನಮ್ಮಲ್ಲಿಗೆ ಬಂದುದು ಇಪ್ಪತ್ತನೆಯ ಶತಮಾನದ ಆದಿಯಲ್ಲಿ. 1904ರ ಸಹಕಾರಿ ಕಾಯಿದೆಯ ಮರುವರ್ಷವೇ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಪತ್ತಿನ ಸಂಘ ಹುಟ್ಟಿತು. ಆ ಕಾಯಿದೆಯಂತೆ ಗ್ರಾಮಸಂಘದ ಸಾಲಕ್ಕೆ ಸದಸ್ಯರೆಲ್ಲರೂ ಮಿತಿಯಿಲ್ಲದ ಹೊಣೆಗಾರರು. ನೆರೆಯವನು ಸಾಲವನ್ನು ಮುಳುಗಿಸಿದರೆ ತನ್ನ ಹೊಲಕ್ಕೂ ಕುತ್ತು ಬರುವುದರಿಂದ ಪ್ರತಿಯೊಬ್ಬನೂ ಲೆಕ್ಕದ ಮೇಲೆ ಕಣ್ಣಿಡಬೇಕಾಯಿತು. ಸಂಘದ ಬಲವು ಸ್ನೇಹಕ್ಕಿಂತ ಹೆಚ್ಚಾಗಿ ಈ ಎಚ್ಚರದಲ್ಲಿತ್ತು ಎಂದು ನಮಗೆ ತೋರುತ್ತದೆ.

ವಿಜಯಪುರ ನಗರದಲ್ಲಿ ಈ ಹೊಸ ಬಗೆಯ ಕೂಟಗಳನ್ನು ಕಟ್ಟಿದವರಲ್ಲಿ ಮುಖ್ಯರು ವಕೀಲ ಫ. ಗು. ಹಳಕಟ್ಟಿಯವರು (1880–1964). 1910ರಲ್ಲಿ ಬಿಜಾಪುರ ಲಿಂಗಾಯತ ಜಿಲ್ಲಾ ವಿದ್ಯಾವರ್ಧಕ ಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು ಅವರ ಮುಂದಾಳುತನದಲ್ಲಿ ಸ್ಥಾಪನೆಯಾದುವು. ಅವರೇ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಒಬ್ಬನೇ ವ್ಯಕ್ತಿ ಎರಡು ಬಗೆಯ ಕಾರ್ಯಗಳನ್ನು ಹೂಡಿದುದರಿಂದ ಇಲ್ಲಿ ಹೋಲಿಕೆ ಸುಲಭ. ಸಂಸ್ಥೆಗೂ ಬ್ಯಾಂಕಿಗೂ ಸದಸ್ಯರಿದ್ದರು, ಆಡಳಿತ ಮಂಡಳಿಯಿತ್ತು, ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುವ ಸಭೆಯಿತ್ತು. ಪತ್ರಿಕೆಗೆ ಇದ್ದವರು ಬಹುಮಟ್ಟಿಗೆ ಹಳಕಟ್ಟಿಯವರೊಬ್ಬರೇ. ಓಲೆಗರಿಗಳನ್ನು ಹುಡುಕುವುದು, ಪಾಠವನ್ನು ಶೋಧಿಸುವುದು, ಅಚ್ಚಿನ ಖರ್ಚನ್ನು ಹೊಂದಿಸುವುದು ಎಲ್ಲವೂ ಅವರ ಪಾಲಿಗೆ ಬಂದು, ಅವರ ಸಂಪಾದನೆಯೂ ಅದರಲ್ಲಿಯೇ ಕರಗಿತು. ವಚನ ಸಾಹಿತ್ಯಕ್ಕೆ ಅದರಿಂದಾದ ಲಾಭ ಅಳತೆಗೆ ಮೀರಿದುದು. ಆದರೆ ಆ ಭಾರವನ್ನು ಹೊತ್ತು ಮುಂದೆ ಸಾಗಿಸುವ ಕೂಟ ಅದಕ್ಕಿರಲಿಲ್ಲ. ಸಂಸ್ಥೆಯಾದರೋ ಬೆಳೆದು, ಮುಂದೆ ವೈದ್ಯಕೀಯ ಮಹಾವಿದ್ಯಾಲಯವನ್ನೂ ನಡೆಸುವಂತಾಯಿತು. ಹಳಕಟ್ಟಿಯವರ ಸಮಗ್ರ ಸಾಹಿತ್ಯ ಸಂಪುಟಗಳನ್ನು ಹೊರತಂದುದೂ ಅದೇ ಸಂಸ್ಥೆಯ ಸಂಶೋಧನ ಕೇಂದ್ರ. ಸಂಸ್ಥೆಯ ಹೆಸರಿನಲ್ಲಿ ಒಂದು ಸಮುದಾಯದ ಹೆಸರಿರುವುದನ್ನೂ ಇಲ್ಲಿ ಗಮನಿಸಬೇಕು. ತಾನಾಗಿ ಸೇರುವ ಕೂಟವೂ ಮೊದಲು ಪರಿಚಿತರನ್ನೇ ಸೇರಿಸಿಕೊಳ್ಳುತ್ತದೆ; ಬಾಗಿಲು ಅಗಲವಾಗುವುದು ನಿಧಾನ.

ಈಗಿನ ತಿಕೋಟಾ ಭಾಗದಲ್ಲಿ ಮುಯ್ಯಿಯ ಸ್ಥಾನವನ್ನು ದ್ರಾಕ್ಷಿ ತೋಟದ ಆಳುಗಳ ತಂಡಗಳು ಆಕ್ರಮಿಸಿವೆ. ಬೆಳೆಗಾರರು ‘ಚಾಟ್ನಿ’ ಎನ್ನುವ ಕತ್ತರಿಸುವ ಕೆಲಸ ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಬರುತ್ತದೆ. ದಿನ ತಪ್ಪಿದರೆ ಫಸಲು ಕೆಡುವುದರಿಂದ ತಂಡಕ್ಕೆ ಒಟ್ಟಾಗಿ ಗುತ್ತಿಗೆ ಕೊಡುವ ವಾಡಿಕೆಯುಂಟು. ಒಬ್ಬನು ಹಿಂದೆ ಬಿದ್ದರೆ ಎಲ್ಲರ ಕೂಲಿಯೂ ತಡವಾಗುತ್ತದೆ. ಆದ್ದರಿಂದ ಮೇಲ್ವಿಚಾರಣೆಯನ್ನು ತಂಡ ತಾನೇ ಮಾಡಿಕೊಳ್ಳುತ್ತದೆ.

ಬೆಳೆಗೆ ಬೇಕಾದ ನೀರಿನ ವಿಷಯ ಇದಕ್ಕಿಂತ ಕಠಿಣ. ತುಬಚಿ–ಬಬಲೇಶ್ವರ ಏತ ನೀರಾವರಿಯಂಥ ಯೋಜನೆಗಳು ಕೃಷ್ಣೆಯ ನೀರನ್ನು ಈ ಒಣನೆಲಕ್ಕೆ ಎತ್ತಿ ತಂದಿವೆ. ನೀರನ್ನು ಎತ್ತುವುದು ಯಂತ್ರದ ಕೆಲಸ, ಹಂಚುವುದು ಜನರ ಕೆಲಸ. ಕರ್ನಾಟಕದ ನೀರಾವರಿ ಕಾಯಿದೆಗೆ 2000ದಲ್ಲಿ ಆದ ತಿದ್ದುಪಡಿಯು ಈ ಹಂಚಿಕೆಯನ್ನು ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಒಪ್ಪಿಸಲು ದಾರಿ ಮಾಡಿತು. ಸಂಘವು ಸರದಿಯನ್ನು ಗೊತ್ತುಮಾಡಬೇಕು, ಕರ ವಸೂಲು ಮಾಡಬೇಕು, ಹೊಲಗಾಲುವೆಯ ಹೂಳು ತೆಗೆಸಬೇಕು. ಮೇಲಿನ ಹೊಲದವನು ರಾತ್ರಿ ತೂಬು ಎತ್ತಿದರೆ ಕೊನೆಯ ಹೊಲದವನಿಗೆ ನೀರಿಲ್ಲ. ಅಂಥವನು ಮರುವರ್ಷ ಕರ ಕೊಡುವುದಿಲ್ಲ, ಕರವಿಲ್ಲದೆ ಹೂಳು ತೆಗೆಯುವಂತಿಲ್ಲ. ಸದಸ್ಯತ್ವವು ಭೂಮಿಯುಳ್ಳವರಿಗೆ ಸಲ್ಲುವುದರಿಂದ, ಅದೇ ನೀರಿನ ತೋಟದಲ್ಲಿ ಚಾಟ್ನಿ ಮಾಡುವ ಭೂಹೀನ ಆಳಿಗೆ ಸಂಘದ ಸಭೆಯಲ್ಲಿ, ಹಿಂದೆ ದೈವದಲ್ಲಿ ಇದ್ದಂತೆಯೇ, ಕುಳಿತುಕೊಳ್ಳುವ ಜಾಗವಿಲ್ಲ.